ಎರಡನೇ ಎಂಎಕ್ಸ್ ಹಾಕಬೇಡಿ, ನಾನು ಹಾಕಿ ಅನುಭವಿಸಿದ್ದೇನೆ

ಆಫೀಸಿನ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಕೆಟ್ಟರೂ ಒಂದು ಮೇಲ್ ಕೂಡ ಕಳೆದುಹೋಗಬಾರದು, ಅದಕ್ಕೆ ಕ್ಲೌಡಲ್ಲಿ ಇನ್ನೊಂದು ಸರ್ವರ್ ಇಟ್ಟು ಎಂಎಕ್ಸ್ 20 ಅಂತ ಸೇರಿಸುವುದು ಹೇಗೆ ಅಂತ ಕೇಳಿದ್ದೀರಿ. ಎಂಎಕ್ಸ್ ಅಂದರೆ ನಮ್ಮ ಮೇಲ್ ಯಾವ ಸರ್ವರ್‌ಗೆ ಬರಬೇಕು ಅಂತ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ) ಬರೆದಿಡುವ ದಾಖಲೆ; ಸಂಖ್ಯೆ ದೊಡ್ಡದಾದಷ್ಟು ಸರದಿ ಹಿಂದೆ. ನಾನೂ ಹೀಗೇ ಶುರು ಮಾಡಿದ್ದೆ.

ನಮ್ಮ ಆಫೀಸ್ ಬೆಳ್ಳಂದೂರಿನ ಹತ್ತಿರ. ಮೇನ್ ಸರ್ವರ್ ಮೂರನೇ ಮಹಡಿಯಲ್ಲಿ, ಸ್ಟ್ಯಾಂಡ್‌ಬೈ ಮುಂಬೈನ ಒಂದು ವಿಪಿಎಸ್ಸಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್). 2022ರ ಸೆಪ್ಟೆಂಬರ್ 5, ಸೋಮವಾರ. ರಾತ್ರಿಯ ಮಳೆಗೆ ಔಟರ್ ರಿಂಗ್ ರೋಡ್ ಮುಳುಗಿತ್ತು, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಸರ್ವರ್‌ಗೆ ಒಂದು ಹನಿ ನೀರೂ ತಾಗಲಿಲ್ಲ. ಆದರೆ ಜನರೇಟರ್ ಪ್ಯಾನೆಲ್ ಇದ್ದದ್ದು ಬೇಸ್‌ಮೆಂಟಲ್ಲಿ.

ಮನೆಯಿಂದಲೇ ಡಿಎನ್‌ಎಸ್ ಬದಲಾಯಿಸಿ ಎಲ್ಲರನ್ನೂ ಸ್ಟ್ಯಾಂಡ್‌ಬೈಗೆ ತಂದೆ. ಹಳೆಯ ಮೇಲ್ ಎಲ್ಲ ಕಾಣಿಸಿತು. ಮಧ್ಯಾಹ್ನ ಅಕೌಂಟ್ಸ್ ಮೇಡಂ ಫೋನ್ ಮಾಡಿದರು: "ಸರ್, ಕಳಿಸಿದ ಇನ್‌ವಾಯ್ಸ್ ಎಲ್ಲ ವಾಪಸ್ ಬರ್ತಿದೆ." ಲಾಗ್ ತೆಗೆದು ನೋಡಿದೆ. ಸಾಲು ಸಾಲಾಗಿ 554, ಅಂದರೆ ಎದುರಿನ ಸರ್ವರ್ ಮೇಲ್ ತಿರಸ್ಕರಿಸಿದೆ. ಸ್ಟ್ಯಾಂಡ್‌ಬೈಯ ಐಪಿ ವಿಳಾಸ ಸ್ಪ್ಯಾಮ್ ಬ್ಲ್ಯಾಕ್‌ಲಿಸ್ಟಿನಲ್ಲಿತ್ತು.

ತಪ್ಪು ನನ್ನದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುವ ಹಾದಿಯಲ್ಲಿದ್ದೀರಿ. ಸ್ಟ್ಯಾಂಡ್‌ಬೈಯಲ್ಲಿ ರಿಲೇ_ರೆಸಿಪಿಯೆಂಟ್_ಮ್ಯಾಪ್ಸ್ (ಯಾವ ವಿಳಾಸಗಳಿಗೆ ಬಂದ ಮೇಲ್ ತಗೊಳ್ಳಬೇಕು ಅನ್ನುವ ಪಟ್ಟಿ) ಖಾಲಿ ಬಿಟ್ಟಿದ್ದೆ. "ಬಂದದ್ದನ್ನೆಲ್ಲ ತಗೊಳ್ಳಲಿ, ಬೇಡದ್ದನ್ನು ಮೇನ್ ಸರ್ವರ್ ತಳ್ಳಲಿ" ಅಂದುಕೊಂಡಿದ್ದೆ. ಸ್ಪ್ಯಾಮ್ ಕಳಿಸುವವರು ಕಾವಲು ಕಡಿಮೆ ಇರುವ ಹಿಂಬಾಗಿಲನ್ನೇ ಹುಡುಕುತ್ತಾರೆ. ಮೇನ್ ಸರ್ವರ್ ಚೆನ್ನಾಗಿ ಓಡುತ್ತಿದ್ದಾಗಲೂ ಅವರು ನೇರ ಎಂಎಕ್ಸ್ 20ಕ್ಕೆ ಬಂದರು. ನಮ್ಮಲ್ಲಿ ಇಲ್ಲದ ಹೆಸರುಗಳಿಗೆಲ್ಲ ಮೇಲ್. ಸ್ಟ್ಯಾಂಡ್‌ಬೈ ಎಲ್ಲದಕ್ಕೂ ಹೂಂ ಅಂತು. ಆಮೇಲೆ ಮೇನ್ ಸರ್ವರ್ "ಇಂಥವರು ಇಲ್ಲಿಲ್ಲ" ಅಂದಿತು. ಒಪ್ಪಿಕೊಂಡ ಮೇಲ್‌ಗೆ ಸ್ಟ್ಯಾಂಡ್‌ಬೈ ಬೌನ್ಸ್ (ತಲುಪಲಿಲ್ಲ ಅನ್ನುವ ವಾಪಸ್ ಮೇಲ್) ಕಳಿಸಲೇಬೇಕು, ಅಲ್ವಾ? ಕಳಿಸಿತು. ಆದರೆ ಕಳಿಸಿದವರ ವಿಳಾಸವೇ ಸುಳ್ಳು. ಏನೂ ಗೊತ್ತಿಲ್ಲದ ಯಾರ್‍ಯಾರಿಗೋ ನಮ್ಮ ಐಪಿಯಿಂದ ತಿಂಗಳುಗಟ್ಟಲೆ ಕಸ ಹೋಯಿತು. ನಮ್ಮ ಸ್ವಂತ ಮೇಲ್ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಬೇಕಾದ ದಿನವೇ ಅದು ಕೈಕೊಟ್ಟಿತು.

ಐಪಿ ಪಟ್ಟಿಯಿಂದ ಹೊರಬರುವಷ್ಟರಲ್ಲಿ ಗುರುವಾರ. ಅಷ್ಟೊತ್ತಿಗೆ ಬಿಲ್ಡಿಂಗಿಗೆ ಕರೆಂಟೇ ಬಂದಿತ್ತು.

ಇನ್ನು ನಿಮ್ಮ ಭಯದ ಮಾತು. ಸರ್ವರ್ ಎರಡು ದಿನ ಮಲಗಿದರೆ ಬರುವ ಮೇಲ್ ಕಳೆದುಹೋಗುವುದಿಲ್ಲ. ಕಳಿಸುವ ಸರ್ವರ್ ತನ್ನ ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನ ಬಿಡಬೇಡಿ ಅಂತ ಮೇಲ್ ಸಾಗಿಸುವ ನಿಯಮಾವಳಿ ಆರ್‌ಎಫ್‌ಸಿ 5321 ಹೇಳುತ್ತದೆ, ಪೋಸ್ಟ್‌ಫಿಕ್ಸ್‌ನ ಡೀಫಾಲ್ಟೂ 5 ದಿನ. ನಿಜವಾಗಿ ನಿಲ್ಲುವುದು ಜನರ ಕೆಲಸ: ಹಳೆಯ ಮೇಲ್ ನೋಡುವುದು, ಉತ್ತರ ಕಳಿಸುವುದು. ಹಣ, ಸಮಯ ಅಲ್ಲಿ ಹಾಕಿ.

ಸ್ಟ್ಯಾಂಡ್‌ಬೈ ಇರಲಿ, ಎಂಎಕ್ಸ್ ಪಟ್ಟಿಯಲ್ಲಿ ಮಾತ್ರ ಬೇಡ. ಮೇಲ್‌ಬಾಕ್ಸ್‌ಗಳನ್ನು ಅದಕ್ಕೆ ನಕಲು ಮಾಡಲು ಡೊವೆಆಡ್ಮ್ ಬ್ಯಾಕಪ್ (ಮೇಲ್‌ಬಾಕ್ಸ್ ಸಾಫ್ಟ್‌ವೇರ್ ಡವ್‌ಕಾಟ್‌ನ ಒಂದು ಕಮಾಂಡ್) ಕ್ರಾನ್‌ನಲ್ಲಿ, ಅಂದರೆ ಹೊತ್ತುಹೊತ್ತಿಗೆ ತಾನಾಗಿ, ಓಡಲಿ. ಡವ್‌ಕಾಟ್ ರೆಪ್ಲಿಕೇಟರ್ (ತಾನಾಗಿ ನಕಲು ಮಾಡುತ್ತಿದ್ದ ಭಾಗ) ನಂಬಿ ಕೂರಬೇಡಿ, ಡವ್‌ಕಾಟ್ 2.4ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಯಾರಾದರೂ ಫೋಲ್ಡರ್ ಅಳಿಸಿದರೆ ಸ್ಟ್ಯಾಂಡ್‌ಬೈಯಲ್ಲೂ ಅಳಿಯುತ್ತದೆ, ಹಾಗಾಗಿ ತಾರೀಕಿನ ಪ್ರಕಾರ ಬೇರೆ ಬ್ಯಾಕಪ್ ಕೂಡ ಇರಲಿ. ಟಿಟಿಎಲ್ (ಹಳೆಯ ಡಿಎನ್‌ಎಸ್ ವಿಳಾಸವನ್ನು ಬೇರೆಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಸಂಖ್ಯೆ) ಇವತ್ತೇ 300 ಸೆಕೆಂಡಿಗೆ ಇಳಿಸಿ, ಮುಳುಗಿದ ದಿನ ಇಳಿಸಿ ಪ್ರಯೋಜನವಿಲ್ಲ. ಸ್ಟ್ಯಾಂಡ್‌ಬೈ ಐಪಿಯನ್ನು ಎಸ್‌ಪಿಎಫ್‌ಗೆ (ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿಗೆ) ಸೇರಿಸಿ, ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತೋರಿಸುವ ದಾಖಲೆ) ಹಾಕಿಸಿ, ಡಿಕಿಮ್ ಕೀ (ಮೇಲ್‌ಗೆ ಸಹಿ ಹಾಕುವ ಕೀ) ಮತ್ತು ಸರ್ಟಿಫಿಕೇಟ್ ಅಲ್ಲೂ ಇಡಿ.

ಮೂರು ತಿಂಗಳಿಗೊಂದು ಶನಿವಾರ ಮೇನ್ ಸರ್ವರ್‌ನ ಕೇಬಲ್ ಕಿತ್ತುಬಿಡಿ. ನಾವು ಅದನ್ನೇ ಮಾಡುತ್ತೇವೆ. ಅಕೌಂಟ್ಸ್ ಮೇಡಂ ಮನೆಯಿಂದ ಒಂದು ಟೆಸ್ಟ್ ಇನ್‌ವಾಯ್ಸ್ ತಮ್ಮ ಜಿಮೇಲ್‌ಗೆ ಕಳಿಸಿ, ಇನ್‌ಬಾಕ್ಸಿಗೇ ಬಂತು ಅಂತ ಫೋನ್ ಮಾಡಿದ ಮೇಲೆ ಕೇಬಲ್ ಮತ್ತೆ ಹಾಕುತ್ತೇನೆ.