ಗೊಂಬೆ ಮೇಳಕ್ಕೆ ಸಂಶೋಧನೆಯ ಹಣ ಸಿಗುತ್ತಾ?

ಪ್ರಶ್ನೆ: ಮೇಡಂ, ಕೊಪ್ಪಳ ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ತೊಗಲುಗೊಂಬೆ ಮೇಳ ಇದೆ. ಅಜ್ಜನ ಕಾಲದ ಗೊಂಬೆಗಳನ್ನು ಇಟ್ಟುಕೊಂಡು ಹೊಸದೇನಾದರೂ ಮಾಡಬೇಕು ಅಂತ ಆಸೆ. ಕಲೆಯ ಬಗ್ಗೆ ಸಂಶೋಧನೆ ಮಾಡಿದರೆ ಹಣ ಕೊಡುತ್ತಾರಂತೆ, ಹೌದಾ? ನಾವ್ಯಾರೂ ಕಾಲೇಜು ಓದಿದವರಲ್ಲ, ಇಂಗ್ಲಿಷೂ ಬರಲ್ಲ.

ಉತ್ತರ: ಕೊಡುತ್ತಾರೆ. ಡಿಗ್ರಿ ಇಲ್ಲ ಅಂತ ಹಿಂಜರಿಯಬೇಡಿ. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ ಒಂದು ಸಂಸ್ಥೆ ಇದೆ. 1993ರಲ್ಲಿ ಶುರುವಾಗಿದ್ದು, 1995ರಿಂದ ಕಲೆಯ ಯೋಜನೆಗಳಿಗೆ ನೆರವು ಕೊಡುತ್ತಿದೆ. ಸಂಶೋಧನೆಗೆ ಒಂದು ವಿಭಾಗ, ಕಲಾಪ್ರಯೋಗಕ್ಕೆ ಇನ್ನೊಂದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲೆ ಕಲಿಸಲು ‘ಕಲಿ-ಕಲಿಸು’ ಅನ್ನೋ ಕಾರ್ಯಕ್ರಮವೂ ಇದೆ. ನಿಮ್ಮೂರಿನ ಶಾಲೆಯ ಮೇಷ್ಟ್ರು ಜೊತೆಗಿದ್ದರೆ ಅದನ್ನೂ ವಿಚಾರಿಸಿ.

ಆದರೆ ಅರ್ಜಿಯಲ್ಲಿ ‘ಅಳಿವಿನಂಚಿನ ಕಲೆಯನ್ನು ಉಳಿಸುವುದು ನಮ್ಮ ಉದ್ದೇಶ’ ಅಂತ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ, ಓದುವವರಿಗೆ ಏನೂ ಗೊತ್ತಾಗೋದಿಲ್ಲ. ಅವರಿಗೆ ಬೇಕಾಗಿರುವುದು ಒಂದು ಪ್ರಶ್ನೆ. ಅದು ನಿಮ್ಮ ಪರದೆಯ ಹಿಂದೆಯೇ ಇದೆ. ಎಣ್ಣೆ ದೀಪದ ಬೆಳಕು ಅಲುಗಾಡುತ್ತದೆ, ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತದೆ. ಎಲ್‌ಇಡಿ ಹಾಕಿ ನೋಡಿ, ಬೆಳಕು ಜಾಸ್ತಿ, ಆದರೆ ಅದು ಅಲ್ಲಾಡೋದೇ ಇಲ್ಲ. ಆಗ ಗೊಂಬೆ ಆಡಿಸುವ ಕೈ ಏನು ಬದಲಾಯಿಸಿಕೊಳ್ಳಬೇಕು? ಚರ್ಮಕ್ಕೆ ಹಚ್ಚುವ ಬಣ್ಣ, ಕೊರೆಯುವ ತೂತು ಬದಲಾಗಬೇಕಾ? ಇದನ್ನು ಹಿರಿಯರ ಜೊತೆ ಕೂತು, ಹಳೆ ಗೊಂಬೆ, ಹೊಸ ಗೊಂಬೆ ಎರಡನ್ನೂ ಆಡಿಸಿ, ವಿಡಿಯೋ ಮಾಡಿ, ಬರೆದಿಡುವುದೇ ಸಂಶೋಧನೆ. ವಿಶ್ವವಿದ್ಯಾಲಯದವರಿಗೆ ಬರದ ಕೆಲಸ ಇದು, ನನ್ನ ಮಾತು ನಂಬಿ.

ಖರ್ಚಿನ ಪಟ್ಟಿಯಲ್ಲಿ ಕ್ಯಾಮೆರಾ ಬಾಡಿಗೆ, ಬಸ್ ಚಾರ್ಜು ಎಲ್ಲರೂ ಹಾಕುತ್ತಾರೆ. ಮೇಳದ ಹಿರಿಯರ ಕೂಲಿ ಮಾತ್ರ ಮರೆಯುತ್ತಾರೆ. ‘ನಮ್ಮವರೇ ಅಲ್ವಾ’ ಅಂತ ಬಿಡಬೇಡಿ. ಅವರು ನಿಮ್ಮ ಜೊತೆ ಕೂತಷ್ಟು ದಿನ ಬೇರೆ ದುಡಿಮೆ ಬಿಟ್ಟಿರುತ್ತಾರೆ. ವಿಡಿಯೋದ ಒಂದು ಪ್ರತಿ ಮೇಳದಲ್ಲೇ ಉಳಿಯಬೇಕು, ಅದನ್ನು ಯಾರು ಎಲ್ಲಿ ಬಳಸಬಹುದು ಅನ್ನೋದು ಕಾಗದದ ಮೇಲೆ ಬರಬೇಕು. ಹೊರಗಿನ ಸಂಶೋಧಕರು ಜೊತೆಗೆ ಬಂದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ ಮನಸ್ತಾಪ ಆಗುತ್ತದೆ.

ಇನ್ನೊಂದು ವಿಷಯ. ನಿಮಗೆ ನಿಜವಾಗಿ ಬೇಕಾಗಿರುವುದು ಹುಡುಗರಿಗೆ ತಿಂಗಳ ಸಂಬಳವಾದರೆ ಈ ದಾರಿ ಬೇಡ. ಸಂಶೋಧನೆಯ ಹಣ ಯೋಜನೆ ಮುಗಿದ ಕೂಡಲೇ ನಿಲ್ಲುತ್ತದೆ. ಗುರು-ಶಿಷ್ಯರಿಗೆ ಗೌರವಧನ ಕೊಡುವ ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನ ನೋಡಿ. ಅದಕ್ಕೆ ಸಂಘ ನೋಂದಣಿ, ಲೆಕ್ಕಪತ್ರ ಎಲ್ಲ ಬೇಕು. ಮೇಳ ಇನ್ನೂ ನೋಂದಣಿ ಆಗಿಲ್ಲವಾದರೆ ಈ ವಾರವೇ ಜಿಲ್ಲೆಯ ಸಂಘಗಳ ನೋಂದಣಿ ಕಚೇರಿಗೆ ಹೋಗಿ ಬನ್ನಿ.