ತನ್ನ ಎಸ್ಟೇಟಿನ ಮರ ಕಡಿಸಿದರೂ ಮೊಕದ್ದಮೆ ಏಕೆ?

ಪ್ರಶ್ನೆ: 18ನೇ ಶತಮಾನದ ಇಂಗ್ಲೆಂಡಿನ ಎಸ್ಟೇಟ್ ವ್ಯಾಜ್ಯವೊಂದರ ಕಾಗದಪತ್ರ ಓದುತ್ತಿದ್ದೇನೆ. ಯಜಮಾನ ಓಕ್ ಮರಗಳನ್ನು ಕಡಿಸಿದ್ದಕ್ಕೆ ಅವನ ಮಗನೇ ಕೋರ್ಟಿಗೆ ಹೋಗಿದ್ದಾನೆ. ತನ್ನ ಜಮೀನಿನ ಮರ ತಾನು ಕಡಿದರೆ ತಪ್ಪೇನು?

ಉತ್ತರ: ಯಜಮಾನ ಎಂದಿರಲ್ಲ, ತಕರಾರು ಅಲ್ಲೇ ಇರುವುದು. ದೊಡ್ಡ ಮನೆತನಗಳು ಸಾಮಾನ್ಯವಾಗಿ ಮದುವೆಯ ಹೊತ್ತಿಗೆ ಪತ್ರ ಮಾಡಿ ಆಸ್ತಿಯನ್ನು ಕಟ್ಟಿಹಾಕುತ್ತಿದ್ದವು. ತಂದೆಗೆ ಬದುಕಿರುವಷ್ಟು ಕಾಲ ಅನುಭೋಗ, ಆಮೇಲೆ ಹಿರಿಮಗನಿಗೆ. ಗೇಣಿ, ಫಸಲು ತಂದೆಯದು. ನಿಂತ ಚೌಬೀನೆ ಮರ ಮಾತ್ರ ಭೂಮಿಯ ಭಾಗ, ಮುಂದಿನ ವಾರಸುದಾರನಿಗೆ ಉಳಿಯಬೇಕಾದದ್ದು. ಅದನ್ನು ಕಡಿದರೆ ಕಾನೂನಿನಲ್ಲಿ 'ವೇಸ್ಟ್', ಅಂದರೆ ಆಸ್ತಿ ಹಾಳುಗೆಡವಿದಂತೆ. 1278ರ ಗ್ಲಾಸ್ಟರ್ ಶಾಸನದ ಪ್ರಕಾರ ಮೂರು ಪಟ್ಟು ನಷ್ಟ ಕಟ್ಟಿ ಆ ಜಾಗವನ್ನೂ ಬಿಟ್ಟುಕೊಡಬೇಕಿತ್ತು. 18ನೇ ಶತಮಾನಕ್ಕೆ ಆ ದಾವೆ ಅಪರೂಪವಾಗಿ, ಜನ ಚಾನ್ಸರಿ ಕೋರ್ಟಿನ (ಕಟ್ಟುನಿಟ್ಟಿನ ಕಾನೂನಿನ ಬದಲು ನ್ಯಾಯದೃಷ್ಟಿಯಿಂದ ತೀರ್ಪು ಕೊಡುತ್ತಿದ್ದ ಕೋರ್ಟು) ತಡೆಯಾಜ್ಞೆಗೆ ಹೋಗುತ್ತಿದ್ದರು.

ಓಕ್, ಆಶ್, ಎಲ್ಮ್ 20 ವರ್ಷ ತುಂಬಿದ್ದರೆ ಎಲ್ಲೆಡೆ ಚೌಬೀನೆ. ಮಿಕ್ಕವು ಆಯಾ ಸೀಮೆಯ ರೂಢಿಯಂತೆ. ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಬೀಚ್ ಕೂಡ ಸೇರುತ್ತಿತ್ತು.

ಮನೆ ರಿಪೇರಿ, ನೇಗಿಲು, ಬೇಲಿಗೆ ಬೇಕಾದಷ್ಟು ಮರ ತೆಗೆಯಲು ಅಡ್ಡಿಯಿರಲಿಲ್ಲ. ಎಡವುತ್ತಿದ್ದದ್ದು ಇಲ್ಲೇ. ಸೂರು ಸೋರುತ್ತದೆಂದು ಎರಡು ಓಕ್ ಕಡಿದು ಮಾರಿ, ಬಂದ ದುಡ್ಡಲ್ಲೇ ಸೂರು ಸರಿಮಾಡಿಸಿದರೂ ಅದು ವೇಸ್ಟೇ. ಕಡಿದ ಮರವೇ ಆ ಮನೆಗೆ ತೊಲೆಯಾಗಬೇಕು. ಲೆಕ್ಕ ನೋಡಿದರೆ ಯಾರಿಗೂ ನಷ್ಟವಿಲ್ಲ, ಆದರೂ ಕಾನೂನು ಜಗ್ಗುತ್ತಿರಲಿಲ್ಲ.

ಪತ್ರದಲ್ಲಿ 'ವೇಸ್ಟ್‌ಗೆ ಹೊಣೆಯಲ್ಲ' ಎಂಬ ಒಂದು ಮಾತಿದ್ದರೆ ಕಥೆಯೇ ಬೇರೆ. ಆಗ ತಂದೆ ಚೌಬೀನೆ ಕಡಿದು ಹಣ ಇಟ್ಟುಕೊಳ್ಳಬಹುದು. ಅದಕ್ಕೂ ಮಿತಿಯಿತ್ತು. ಲಾರ್ಡ್ ಬರ್ನಾರ್ಡ್ ಎಂಬ ಇಂಥದೇ ತಂದೆ ಮಗನ ಮೇಲಿನ ಸಿಟ್ಟಿಗೆ 200 ಆಳುಗಳನ್ನು ಬಿಟ್ಟು ತನ್ನ ಅನುಭೋಗದಲ್ಲಿದ್ದ ರೇಬಿ ಕೋಟೆಯ ಸೀಸ, ಕಬ್ಬಿಣ, ಬಾಗಿಲು, ಹಲಗೆಗಳನ್ನು ಕೀಳಿಸಿದ. ಹೋದ ಮಾಲು 3,000 ಪೌಂಡಿನದು. ಅವನ ಪತ್ರದಲ್ಲಿ ಆ ಮಾತಿತ್ತು. ಆದರೂ 1716ರಲ್ಲಿ ಚಾನ್ಸರಿ ಅವನನ್ನು ತಡೆದು, ಕೋಟೆಯನ್ನು ಮೊದಲಿನಂತೆ ಮಾಡಿಸಿಕೊಡು ಎಂದಿತು. ಇದೇ ತರ್ಕ ಮರಗಳಿಗೂ ಹಬ್ಬಿತು: 1744ರ ಪ್ಯಾಕಿಂಗ್ಟನ್ ಪ್ರಕರಣದಲ್ಲಿ, ಮನೆಯ ಅಂದಕ್ಕೆ, ಮರೆಗೆಂದು ನೆಟ್ಟ ಸಾಲುಮರಗಳಿಗೆ ಕೊಡಲಿ ಹಾಕದಂತೆ ಚಾನ್ಸರಿಯ ಮುಖ್ಯಸ್ಥ ಲಾರ್ಡ್ ಹಾರ್ಡ್‌ವಿಕ್ ತಡೆದ.

ಬಿರುಗಾಳಿಗೆ ಉರುಳಿದ ಚೌಬೀನೆಯೂ ತಂದೆಗಲ್ಲ, ಅದು ವಾರಸು ಹಕ್ಕಿನ ಸಾಲಿನಲ್ಲಿ ಮೊದಲು ನಿಂತವನಿಗೆ ಎಂದು 1734ರಲ್ಲಿ ತೀರ್ಮಾನವಾಗಿತ್ತು.

ನಿಮ್ಮ ಕಾಗದಗಳಲ್ಲಿ ಮೊದಲು ಆ 'ಹೊಣೆಯಲ್ಲ' ಎಂಬ ಮಾತು ಹುಡುಕಿ. ಆಮೇಲೆ, ಮಗ ಅರ್ಜಿ ಹಾಕಿದ ದಿನ ಮರ ನಿಂತಿತ್ತೋ ಉರುಳಿತ್ತೋ ನೋಡಿ. ನಿಂತಿದ್ದರೆ ಅವನು ಕೇಳಿದ್ದು ತಡೆಯಾಜ್ಞೆ. ಉರುಳಿದ್ದರೆ ಜಗಳ ದುಡ್ಡಿನದು.