ನೆಲಮಾಳಿಗೆಯ ಕೋಣೆಯಲ್ಲಿ ರೇಡಾನ್: ಯಾವ ಅಳತೆಯನ್ನು ನಂಬುವುದು?

ಪ್ರಶ್ನೆ: ಮೇಡಂ, ನಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ. ಮಗಳು ಅಲ್ಲೇ ಓದಿಕೊಂಡು ಅಲ್ಲೇ ಮಲಗುತ್ತಾಳೆ. ಸಂಜೆ ಮಾವನವರು ಟಿವಿ ನೋಡುವುದೂ ಅಲ್ಲೇ. ಅವರಿಗೆ ಸಿಗರೇಟಿನ ಅಭ್ಯಾಸವಿದೆ. ಪರಿಚಯದವರ ರೇಡಾನ್ ಮೀಟರ್ ತಂದು ಇಟ್ಟೆವು. ಮೊದಲ ದಿನ ಘನ ಮೀಟರಿಗೆ 90 ಬೆಕೆರೆಲ್, ಮರುದಿನ 410, ಅದರ ಮರುದಿನ 240 ತೋರಿಸಿತು. ಯಾವುದನ್ನು ನಂಬುವುದು? ನಮ್ಮವರು ನೆಲದ ಬಿರುಕುಗಳಿಗೆಲ್ಲ ಸಿಲಿಕೋನ್ ತುಂಬಿ, "ಇನ್ನೊಂದು ಏರ್ ಪ್ಯೂರಿಫೈಯರ್ ಇಟ್ಟರೆ ಮುಗಿಯಿತು" ಎನ್ನುತ್ತಿದ್ದಾರೆ. ಮಗಳನ್ನು ಇವತ್ತೇ ಮೇಲಿನ ಮನೆಗೆ ಕರೆತರಬೇಕೇ?

ಉತ್ತರ: ತಾಯಿಯಾದ ನಿಮಗೆ ಕೊನೆಯ ಪ್ರಶ್ನೆಯೇ ದೊಡ್ಡದು, ಅದಕ್ಕೇ ಅಲ್ಲಿಂದಲೇ ಶುರುಮಾಡುತ್ತೇನೆ. ಈ ರಾತ್ರಿಯೇ ಗಾಬರಿಯಾಗಿ ಹಾಸಿಗೆ ಸಾಗಿಸುವಷ್ಟು ತುರ್ತು ಇಲ್ಲ. ರೇಡಾನ್ ಎಂಬ ಈ ವಿಕಿರಣಶೀಲ ಅನಿಲ ಹಾನಿ ಮಾಡುವುದು ವರ್ಷಗಟ್ಟಲೆ ಉಸಿರಾಡಿದ ಮೇಲೆ. ಆದರೂ ಮೇಲೆ ಜಾಗವಿದ್ದರೆ ದುರಸ್ತಿ ಮುಗಿಯುವವರೆಗೆ ಅವಳು ಮೇಲೆಯೇ ಮಲಗಲಿ. ದಿನದ ಏಳೆಂಟು ಗಂಟೆ ಒಂದೇ ಕಡೆ ಉಸಿರಾಡುವುದು ಮಲಗುವ ಕೋಣೆಯಲ್ಲಿ ತಾನೆ?

ನೀವು ಬರೆದ ಮೂರೂ ಅಂಕಿಗಳು ನಿಜವೇ ಇರಬಹುದು (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು). ಮಣ್ಣು ಮತ್ತು ಬಂಡೆಯಲ್ಲಿರುವ ಯುರೇನಿಯಂ ಕ್ರಮೇಣ ರೇಡಿಯಂ ಆಗಿ, ಅದರಿಂದ ಈ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಷ್ಟು ಮನೆಯೊಳಗೆ ನುಗ್ಗುತ್ತದೆ ಎನ್ನುವುದು ಗಾಳಿ, ಮಳೆ, ವಾಯುಭಾರ, ನೀವು ಕಿಟಕಿ ತೆರೆದಿದ್ದಿರೋ ಮುಚ್ಚಿದ್ದಿರೋ, ಇವೆಲ್ಲದರ ಮೇಲೆ ನಿಂತಿದೆ. ಒಂದೇ ಕೋಣೆಯಲ್ಲಿ ಹಗಲಿಗೂ ರಾತ್ರಿಗೂ ದುಪ್ಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಅದೂ ಅಲ್ಲದೆ, ಡಿಜಿಟಲ್ ಮೀಟರುಗಳು ಜಾಗ ಬದಲಾದ ಮೇಲೆ ಹದಕ್ಕೆ ಬರಲು ಸಮಯ ಬೇಡುತ್ತವೆ. ಮೊದಲ ದಿನದ 90ನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮಗೆ ಬೇಕಾದದ್ದು ವರ್ಷದ ಸರಾಸರಿ. ಅದಕ್ಕೆ ಆಲ್ಫಾ ಟ್ರ್ಯಾಕ್ ಡಿಟೆಕ್ಟರ್ ಎಂಬ ಪುಟ್ಟ ಡಬ್ಬಿಯನ್ನು 90 ದಿನಕ್ಕಿಂತ ಹೆಚ್ಚು ಕಾಲ ಇಡುತ್ತಾರೆ. ಪ್ರಯೋಗಾಲಯದಲ್ಲಿ ನಾನು ಬಹುಕಾಲ ಮಾಡಿದ್ದು ಇದೇ ಕೆಲಸ. ಡಬ್ಬಿಯೊಳಗೆ ಒಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿ ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ಸಣ್ಣ ಸಣ್ಣ ಕುಳಿಗಳು. ಒಂದೊಂದು ಕುಳಿಯೂ, ಪರಮಾಣು ಒಡೆಯುವಾಗ ಚಿಮ್ಮುವ ಒಂದೊಂದು ಆಲ್ಫಾ ಕಣ ಬಡಿದ ಗುರುತು. ಇಂಥದೇ ಏಟು ಶ್ವಾಸಕೋಶದ ಒಳಪದರಕ್ಕೂ ಬೀಳುತ್ತದೆ ಎಂದು ಆ ಕುಳಿ ಎಣಿಸುವಾಗ ನೆನಪಾಗದೆ ಇರುತ್ತಿರಲಿಲ್ಲ. ಮಗಳ ಕೋಣೆಯಲ್ಲಿ ಡಬ್ಬಿಯನ್ನು ನೆಲದಿಂದ ಅರ್ಧ ಮೀಟರಿಗಿಂತ ಮೇಲೆ, ಕಿಟಕಿ ಬಾಗಿಲುಗಳಿಂದ ಒಂದು ಮೀಟರ್ ದೂರ ಇಡಿ. ಅಡುಗೆಮನೆ, ಬಚ್ಚಲು ಬೇಡ. ಇಟ್ಟ ಮೇಲೆ ಎಂದಿನಂತೆಯೇ ಬದುಕಿ. ಅಳತೆ ಚೆನ್ನಾಗಿ ಬರಲೆಂದು ಕಿಟಕಿ ತೆರೆದಿಡಬೇಡಿ. ಕಾಯಲಾಗದಿದ್ದರೆ ಕೆಲವೇ ದಿನಗಳ ಇದ್ದಿಲಿನ ಡಬ್ಬಿಯೂ ಇದೆ. ಅದಕ್ಕೆ 12 ಗಂಟೆ ಮೊದಲಿನಿಂದಲೇ ಕಿಟಕಿ, ಹೊರಬಾಗಿಲು ಮುಚ್ಚಿರಬೇಕು. ಪಕ್ಕದ ಮನೆಯವರ ಅಳತೆ ನಿಮಗೆ ಉಪಯೋಗಕ್ಕೆ ಬಾರದು.

ಎಷ್ಟಿದ್ದರೆ ಚಿಂತೆ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕೆರೆಲ್ ಎಂದಿತು. ಅದು ಆಗದ ಕಡೆಯೂ 300 ದಾಟಬಾರದು ಎಂದಿತು. ಅಮೆರಿಕದವರು 148ಕ್ಕೆ ದುರಸ್ತಿ ಮಾಡಿ ಎನ್ನುತ್ತಾರೆ. ನಿಮ್ಮ ಕೋಣೆಯ ದೀರ್ಘಕಾಲದ ಸರಾಸರಿಯೂ 240ರ ಆಸುಪಾಸು ಬಂದರೆ ದುರಸ್ತಿ ಮಾಡಿಸಿ ಎಂದೇ ನನ್ನ ಮಾತು. ಯುರೋಪಿನ 13 ಅಧ್ಯಯನಗಳನ್ನು ಸೇರಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಪ್ರತಿ 100 ಬೆಕೆರೆಲ್ ಹೆಚ್ಚಳಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು 16 ಶೇಕಡಾ ಏರುತ್ತದೆ. ಇಲ್ಲಿಗೇ ಮಾವನವರ ವಿಷಯ ಬಂತು. ಸಿಗರೇಟು ಸೇದುವವರಿಗೆ ರೇಡಾನಿನಿಂದಾಗುವ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು. ಅವರಿಗೆ ಈ ಒಂದು ಸಾಲನ್ನು ಓದಿ ಹೇಳಿ. ಸಿಗರೇಟು ಬಿಡುವುದರಷ್ಟು ದೊಡ್ಡ ದುರಸ್ತಿ ಇನ್ನೊಂದಿಲ್ಲ.

ಈಗ ಸಿಲಿಕೋನ್. ನಿಮ್ಮವರ ಶ್ರಮ ವ್ಯರ್ಥವಲ್ಲ, ಆದರೆ ಅಷ್ಟರಿಂದ ಆಗುವುದಿಲ್ಲ. ಮನೆ ಹೊಗೆಕೊಳವೆಯ ಹಾಗೆ ವರ್ತಿಸುತ್ತದೆ. ಒಳಗಿನ ಬಿಸಿಗಾಳಿ ಮೇಲಿನಿಂದ ಹೊರಹೋದಂತೆ ಕೆಳಗೆ ಒತ್ತಡ ತಗ್ಗಿ, ನೆಲದಡಿಯ ಗಾಳಿಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಕಣ್ಣಿಗೆ ಕಂಡ ಬಿರುಕು ಮುಚ್ಚಿದರೆ ಗೋಡೆ-ನೆಲ ಸೇರುವ ಸಂದಿಯಿಂದ, ಪೈಪಿನ ಸುತ್ತಲಿನಿಂದ ಬರುತ್ತದೆ. ಕೋಣೆಯ ಗಾಳಿ ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ಈ ಸೆಳೆತವನ್ನು ಹೆಚ್ಚಿಸಲೂಬಹುದು, ಅದನ್ನು ಹಾಕಿಸಬೇಡಿ. ಏರ್ ಪ್ಯೂರಿಫೈಯರ್, ರೇಡಾನ್ ಒಡೆದು ಹುಟ್ಟಿ ಧೂಳಿಗೆ ಅಂಟಿದ ವಿಕಿರಣ ಕಣಗಳನ್ನು ಒಂದಿಷ್ಟು ಹಿಡಿದೀತು, ಅನಿಲವನ್ನು ಹಿಡಿಯದು.

ಮಾಡಬೇಕಾದದ್ದು ಆ ಸೆಳೆತದ ದಿಕ್ಕನ್ನೇ ತಿರುಗಿಸುವುದು. ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು ಪೈಪ್ ಇಳಿಸಿ, ಸದಾ ಓಡುವ ಫ್ಯಾನಿನಿಂದ ನೆಲದಡಿಯ ಗಾಳಿಯನ್ನು ಎಳೆದು ಸೂರಿನ ಮೇಲೆ ಬಿಡುತ್ತಾರೆ. ಆಗ ಮಣ್ಣಿನ ಕಡೆಯೇ ಒತ್ತಡ ಕಡಿಮೆಯಿರುತ್ತದೆ, ಬಿರುಕುಗಳಲ್ಲಿ ಗಾಳಿ ಮನೆಯಿಂದ ಕೆಳಕ್ಕೆ ಹರಿಯುತ್ತದೆ. ಫ್ಯಾನ್ ಮಾತ್ರ ವಾಸದ ಕೋಣೆಗಳಿಂದ ಹೊರಗಿರಲಿ. ಅದರಿಂದಾಚೆಗಿನ ಪೈಪ್ ಸೋರಿದರೆ ಅನಿಲ ಮನೆಯೊಳಗೇ ಬಂದೀತು. ಪೈಪಿಗೆ ಯು ಆಕಾರದ ನಳಿಗೆಯ ಒತ್ತಡಮಾಪಕ ಕೂರಿಸಲು ಹೇಳಿ. ಅದರ ಎರಡು ಕಾಲುಗಳಲ್ಲಿ ದ್ರವ ಸಮನಾಗಿ ನಿಂತಿದ್ದರೆ ಫ್ಯಾನ್ ಎಳೆಯುತ್ತಿಲ್ಲ ಎಂದರ್ಥ. ಮಗಳಿಗೂ ಇದನ್ನು ತೋರಿಸಿಕೊಡಿ. ಕೆಲಸ ಮುಗಿದ ತಿಂಗಳೊಳಗೆ ಮತ್ತೆ ಅಳೆಯಿರಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ನಿಮ್ಮವರ ಸಿಲಿಕೋನ್ ಕೆಲಸ ಫಲ ಕೊಡುವುದು ಆಗಲೇ: ಬಿರುಕು ಮುಚ್ಚಿದಷ್ಟೂ ಫ್ಯಾನಿನ ಎಳೆತ ಮಣ್ಣಿಗೇ ತಗಲುತ್ತದೆ.

ಪ್ರಶ್ನೆ: ಅಡುಗೆಮನೆಯ ಗ್ರಾನೈಟ್ ಕಟ್ಟೆಯಿಂದಲೂ ರೇಡಾನ್ ಬರುತ್ತದಂತೆ. ಕೀಳಿಸಬೇಕೇ?

ಉತ್ತರ: ಬೇಡ. ಬರುವುದು ನಿಜ, ಆದರೆ ಸಾಮಾನ್ಯವಾಗಿ ತೀರಾ ಕಡಿಮೆ. ಆ ಹಣದಲ್ಲಿ ಮನೆಯ ಗಾಳಿ ಅಳೆಯಿಸಿ.

ಪ್ರಶ್ನೆ: ಹೊಸ ಮನೆಗೆ ಪಾಯ ತೋಡುತ್ತಿದ್ದೇವೆ. ಈಗಲೇ ಏನಾದರೂ ಮಾಡಬಹುದೇ?

ಉತ್ತರ: ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಕಾಂಕ್ರೀಟ್ ಹಾಕುವ ಮೊದಲು ಹತ್ತು ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ಹರಡಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ, ಜಲ್ಲಿಯಿಂದ ಸೂರಿನ ಮೇಲಕ್ಕೆ ಒಂದು ಪೈಪ್ ಬಿಡಿಸಿ. ಫ್ಯಾನಿಗೆ ಜಾಗ ಮತ್ತು ವಿದ್ಯುತ್ ಸಂಪರ್ಕ ಇದ್ದರೆ ಸಾಕು, ಫ್ಯಾನ್ ಈಗಲೇ ಬೇಡ. ವಾಸಕ್ಕೆ ಬಂದ ಮೇಲೆ ಅಳೆದು ನೋಡಿ, ಹೆಚ್ಚಿದ್ದರೆ ಆಗ ಕೂರಿಸಿದರಾಯಿತು.